ಸುತ್ತಿಟ್ಟ ಗಾದಿ

ಸುತ್ತಿಟ್ಟ ಗಾದಿಗೆ ಶೈಲಶ್ರೀ ಊರುಗೋಲಿನಿಂದ ರಪ್ಪನೆ ಬಡಿದಳು. ಜೋಡುಮಂಚದಿಂದ ಗಂಡನ ಗಾದಿಯನ್ನಷ್ಟೇ ಎತ್ತಿ, ಪಡಸಾಲೆಗೆ ಒಯ್ಯಲೆಂದು ಅತ್ತೆ ಗೌರಾಬಾಯಿ ಆಗಷ್ಟೇ ಸುತ್ತಿಟ್ಟು ಹೋಗಿದ್ದರು. "ಜಡ್ಡಿನಾಕಿ, ಪಾಪ, ಒಬ್ಬಾಕಿನೇ ಆರಾಮ ಮಲಗ್ಲಿ" ಎಂದಿದ್ದರು. ಅವಳ ಪಕ್ಕದಲ್ಲೇ ಕೂತಿದ್ದ ಗಂಡ ಶಿವಪ್ರಕಾಶ ಅವ್ವನನ್ನು ತಡೆದಿರಲಿಲ್ಲ.

"ನಿಮಗೂ ಇದೇ ಬೇಕಾಗಿತ್ತೇನ್ರಿ?" ಅವಳ ದನಿ ಏರಿತು. "ಮಲ್ಟಿಪಲ್ ಸ್ಕ್ಲೆರೋಸಿಸ್ ಬಂದದ್ದು ನನ್ನ ನರಕ್ಕ, ನನ್ನ ಆಸೆಗಲ್ಲ. ಖರಾಡಿ ಡಾಕ್ಟರು ಕಾಲಿಂದು ಕೇಳ್ತಾರ, ಕಣ್ಣಿಂದು ಕೇಳ್ತಾರ, ಇದನ್ನ ಮಾತ್ರ ಕೇಳಂಗಿಲ್ಲ. ನೀವು ಗುಳಿಗಿ ಕೊಡಾಕಷ್ಟ ಹತ್ರ ಬರ್ತೀರಿ. ಹೆಂಡ್ತಿ ಅಂತ ನನ್ನ ಮುಟ್ಟಿ ಎಷ್ಟು ದಿನಾ ಆತು, ಹೇಳ್ರಿ!"

"ಶೈಲಾ," ಎಂದ ಅವನು ಮೆಲ್ಲಗೆ, "ಆಗಿಂದ ನನ್ನ ಕೈ ನಿನ್ನ ತೊಡಿ ಮ್ಯಾಲೇ ಅದ."

ಬಗ್ಗಿ ನೋಡಿದಳು. ಜೋಮು ಹಿಡಿದ ಎಡತೊಡೆಯ ಮೇಲೆ ಅವನ ಅಂಗೈ ನಿಜಕ್ಕೂ ಇತ್ತು. ಹೆಬ್ಬೆರಳು ಸೀರೆಯನ್ನು ಸಣ್ಣಗೆ ಸವರುತ್ತಿತ್ತು. ಅವಳಿಗದು ತಿಳಿಯಲೇ ಇಲ್ಲ; ಯಾರೋ ಇನ್ಯಾರದೋ ತೊಡೆ ಸವರಿದ ಹಾಗಿತ್ತು. ಹಿಂದೆಯೂ ಎಷ್ಟು ಸಲ ಹೀಗೇ ಕೈಯಿಟ್ಟು, ಅವಳು ಅಲುಗದ್ದನ್ನು ಕಂಡು, ಅವಳಿಗೇ ಬೇಡವೆಂದುಕೊಂಡು ಸರಿದಿದ್ದನೋ! ಒಂದು ಮಾತು ಕೇಳಲು ಇವನಿಗೆ ಬಾಯಿರಲಿಲ್ಲವೇ? ಸಿಟ್ಟು ನೆತ್ತಿಗೇರಿತು. ಆ ಕೈಯನ್ನು ಸರಕ್ಕನೆ ಎಳೆದು ತನ್ನ ಕೊರಳಿಗೆ ಒತ್ತಿಕೊಂಡಳು.

"ಅಲ್ಲೆಲ್ಲಿ ಹುಡುಕ್ತೀರಿ? ನಾ ಇಲ್ಲೇ ಅದೀನಿ!"

ಅಷ್ಟರಲ್ಲಿ ಗಾದಿ ಒಯ್ಯಲು ಗೌರಾಬಾಯಿ ಬಾಗಿಲಿಗೆ ಬಂದು, ಅದನ್ನು ಕಂಡು ಗಕ್ಕನೆ ನಿಂತರು. ಶಿವಪ್ರಕಾಶ ಅವ್ವನ ಮುಖ ನೋಡಿದ. ಕೈ ಮಾತ್ರ ತೆಗೆಯಲಿಲ್ಲ.