ಒಂದೇ ಗಾಜಿನ ಪೆಟ್ಟಿಗೆ

ಟೀಗನ್ ಬೆನ್ನಿನ ಚೀಲ ಇಳಿಸುವ ಮುಂಚೆಯೇ ಬ್ರೋಡಿ ಅವಳ ಕಣ್ಣು ಮುಚ್ಚಿ ಹಿಂದಿನ ವರಾಂಡಕ್ಕೆ ನಡೆಸಿಕೊಂಡು ಹೋದ. ಕೈ ತೆಗೆದಾಗ ಎದುರಿಗೆ ದೊಡ್ಡ ಗಾಜಿನ ಪೆಟ್ಟಿಗೆ. ಒಳಗೆ ಅವರ ಊರು ಮರೀಬಾದ ಕೆಂಪು ಮಣ್ಣು, ನೀರಿನ ಬಟ್ಟಲು, ಎರಡು ಬಿಲ. ಒಂದು ಬಿಲದ ಬಾಯಲ್ಲಿ ಸಿಳ್ಳೆಯಂತೆ ಸದ್ದು ಮಾಡುವ ಜಾತಿಯ, ಅಂಗೈಯಗಲದ ಎರಡು ಟರಾಂಟುಲಾ ಜೇಡಗಳು ಕಾಲಿಗೆ ಕಾಲು ತಾಗುವಷ್ಟು ಹತ್ತಿರ ಕೂತಿದ್ದವು.

"ನೋಡು! ನಿನ್ನ ಮೇವಿಸ್, ನನ್ನ ಬ್ರೂಸರ್. ಒಂದೇ ಮನೆ! ಹೋಗೋವಾಗ ಸೇರಿಸಬೇಡ, ಸೇರಿಸಬೇಡ ಅಂತ ಬಡ್ಕೊಂಡ್ಯಲ್ಲ, ಏನಾಯ್ತೀಗ?"

ಮಾವಿನ ಸುಗ್ಗಿಯ ಕೆಲಸಕ್ಕೆಂದು ದೂರದ ಕ್ಯಾಥರೀನ್ ಎಂಬ ಊರಿನ ಕಡೆ ಹೊರಟಾಗ ಅವಳು ಹೇಳಿದ್ದು ಅದೊಂದೇ ಆಗಿರಲಿಲ್ಲ. ತಿರುಗಿ ಬಂದಮೇಲೆ ನನ್ನ ಜೊತೆ ಇದೇ ಮನೆಯಲ್ಲಿರು ಎಂದು ಬ್ರೋಡಿ ಕೇಳಿದ್ದ. ಇರುತ್ತೇನೆ, ಆದರೆ ಹಿಂದಿನ ಚಿಕ್ಕ ಕೋಣೆ ನನಗೆ ಬೇಕು ಎಂದಿದ್ದಳು ಅವಳು. ಪ್ರೀತಿ ಮಾಡುವವರಿಗೆ ಬೇರೆ ಕೋಣೆ ಯಾಕೆ ಎಂದು ಅವನು ನಕ್ಕಿದ್ದ. ಒಬ್ಬಳೇ ಕೂರುವುದು ಅವಳಿಗೆ ಊಟ ನಿದ್ದೆಯಂತೆ ಬೇಕಾದದ್ದು; ಅದನ್ನು ಹೇಳಲು ಮಾತು ಸಿಗದೆ ಬಸ್ಸು ಹತ್ತಿದ್ದಳು. ಈಗ ಪೆಟ್ಟಿಗೆಯ ಕೆಳಗೆ ಕಣ್ಣು ಹೋಯಿತು. ಸಿಮೆಂಟ್ ಇಟ್ಟಿಗೆಗಳ ಮೇಲೆ ಅಡ್ಡ ಮಲಗಿಸಿದ ಆ ಹಲಗೆಗೆ ಹಿಡಿಕೆಯಿತ್ತು. ಆಚೆ ಚಿಕ್ಕ ಕೋಣೆಯ ಚೌಕಟ್ಟು ಬೋಳಾಗಿ ನಿಂತಿತ್ತು.

"ಆ ಬಾಗಿಲು ಇನ್ನು ಯಾಕೆ ಬೇಕು ಹೇಳು," ಎಂದ ಬ್ರೋಡಿ, ಅವಳ ನೋಟ ಹಿಡಿದು. "ಇವೇ ಹೊಂದ್ಕೊಂಡ ಮೇಲೆ ನಾವು ಹೊಂದ್ಕೊಳಲ್ವಾ?"

ಬ್ರೋಡಿಯ ತಾಯಿ ಲೊರೇನ್ ಚಹಾದ ಮಗ್ಗು ಹಿಡಿದು ಮೆಟ್ಟಿಲು ಹತ್ತಿ ಬಂದಳು. "ಬಂದ್ಯಾ ಮಗಳೇ? ಇವನು ಊರಿಗೆಲ್ಲ ಈ ಪೆಟ್ಟಿಗೆ ತೋರ್ಸಿ ಆಯ್ತು. ಪಬ್ಬಿನಲ್ಲೂ ಇದೇ ಪುರಾಣ. ನಾಳೆ ಮದುವೆಯಾದ್ರೂ ಇಷ್ಟು ಕುಣಿಯಲ್ಲ ಇವನು."

"ನೀ ಸುಮ್ನಿರಮ್ಮ. ಕೇಳು ಟೀಗನ್, ಮೊದಮೊದಲು ಸಂಜೆಯಾದ್ರೆ ಸಾಕು, ಎರಡೂ ಸಿಳ್ಳೆ ಹೊಡ್ಕೊಂಡು ಒಂದೇ ಸಮ ಮಾತು! ಒಂದಿನ ಇದ್ದಕ್ಕಿದ್ದಂಗೆ ನಿಂತೋಯ್ತು. ಆಮೇಲೆ ತುಟಿಪಿಟಕ್ಕಂದಿಲ್ಲ, ಬಿಲದಿಂದ ಹೊರಗೂ ಬಂದಿಲ್ಲ. ನಾಚಿಕೆ ಇರ್ಬೇಕು. ನಿನ್ನೆ ನೋಡ್ತೀನಿ, ಜೋಡಿಯಾಗಿ ಕೂತಿವೆ!"

"ಅದು ಮಾತಲ್ಲ ಬ್ರೋಡಿ. ಹತ್ತಿರ ಬರ್ಬೇಡ ಅನ್ನೋ ಸಿಳ್ಳೆ ಅದು."

ಜನರ ನಡುವೆ ಅವಳ ಮಾತು ಗಂಟಲಲ್ಲೇ ಉಳಿಯುತ್ತಿತ್ತು. ಜೇಡದ ವಿಷಯಕ್ಕೆ ಬಂದರೆ ಹಾಗಿಲ್ಲ. ಪೆಟ್ಟಿಗೆಯ ಮುಚ್ಚಳ ಸರಿಸಿ, ಪಕ್ಕದಲ್ಲಿದ್ದ ಉದ್ದನೆಯ ಚಿಮುಟವನ್ನು ಒಳಗಿಳಿಸಿ, ಮುಂದೆ ಕೂತಿದ್ದ ಜೇಡವನ್ನು ಬೆನ್ನಿನ ಹತ್ತಿರ ಮೆಲ್ಲಗೆ ಹಿಡಿದಳು.

"ಅಯ್ಯೋ, ಕಚ್ಚುತ್ತೆ ಕಣೇ!" ಲೊರೇನ್ ಹಿಂದೆ ಸರಿದ ರಭಸಕ್ಕೆ ಚಹಾ ನೆಲಕ್ಕೆ ಚೆಲ್ಲಿತು.

ಜೇಡ ಕದಲಲಿಲ್ಲ. ಒಣಗಿದ ಎಲೆಯ ಹಾಗೆ ಮೇಲೆದ್ದು ಬಂತು. ಟೀಗನ್ ಅದನ್ನು ಬ್ರೋಡಿಯ ಅಂಗೈಯಲ್ಲಿಟ್ಟಳು. ಭಾರವೇ ಇರಲಿಲ್ಲ. ಬೆನ್ನು ಡಬ್ಬಿಯ ಮುಚ್ಚಳದಂತೆ ತೆರೆದುಕೊಂಡಿತ್ತು, ಒಳಗೆ ಏನೂ ಇಲ್ಲ.

"ಪೊರೆ," ಎಂದಳು. "ಬಿಟ್ಟು ಹೊರಗೆ ತಳ್ಳಿದ್ದಾಳೆ."

ಬ್ರೋಡಿ ಅಂಗೈಯನ್ನೂ ಗಾಜನ್ನೂ ಮತ್ತೆ ಮತ್ತೆ ನೋಡಿದ. "ಹಾಗಾದ್ರೆ... ಇದು ಯಾರದ್ದು? ಒಳಗಿರೋದು ಯಾರು?"

"ಎಡಗಡೆ ಮೂರನೇ ಕಾಲು ನೋಡು."

ಪೊರೆಯಲ್ಲಿ ಆ ಒಂದು ಕಾಲು ಮೋಟಾಗಿತ್ತು. ಮರಿಯಾಗಿದ್ದಾಗ ಮುಚ್ಚಳದ ಸಂದಿಗೆ ಸಿಕ್ಕಿ ಮೇವಿಸ್ ಕಳೆದುಕೊಂಡು, ಆಮೇಲೆ ಚೂರುಚೂರೇ ಬೆಳೆಸಿಕೊಂಡ ಕಾಲು. ಗಾಜಿನೊಳಗೆ ಹೊಸ ಮಖಮಲ್ಲಿನಂತೆ ಹೊಳೆಯುತ್ತಿದ್ದ ಜೇಡಕ್ಕೂ ಅದೇ ಕಾಲು ಸ್ವಲ್ಪ ತೆಳ್ಳಗಿತ್ತು. ಉದ್ದದಲ್ಲಿ ಮಾತ್ರ ಈಗ ಉಳಿದವಕ್ಕೆ ಸಮ.

"ಎರಡೂ ನನ್ನದೇ," ಎಂದಳು ಟೀಗನ್.

"ಬ್ರೂಸರ್?"

ಅವಳು ಚಿಮುಟದ ತುದಿಯಿಂದ ಮೇವಿಸ್‌ನ ದುಂಡು ಹೊಟ್ಟೆ ತೋರಿಸಿ, "ಇದರೊಳಗೆ," ಎಂದಳು. ಲೊರೇನ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಸುಮ್ನಿರು! ಬ್ರೂಸರ್ ಇವಳಿಗಿಂತ ದಪ್ಪಗಿದ್ಲು!" ಎಂದ ಬ್ರೋಡಿ.

"ಇದ್ಲು. ಆದ್ರೆ ಹೋಗಿದ್ದು ಇವಳ ಬಿಲಕ್ಕೆ."

ಬ್ರೋಡಿ ಮೆಟ್ಟಿಲ ಮೇಲೆ ಕುಸಿದು ಕೂತ. ಶಾಲೆಗೆ ಹೋಗುವ ಕಾಲದಿಂದ ಮಿಡತೆ ಹಿಡಿದು ತಂದು ಸಾಕಿದ ಜೇಡ ಅದು. ಟೀಗನ್ ಪಕ್ಕದಲ್ಲಿ ಕೂತು ಅವನ ಹೆಗಲಿಗೆ ಹೆಗಲು ತಾಗಿಸಿದಳು. ಅವನು ಮುಖ ಎತ್ತದೆ ಕೇಳಿದ: "ಹಂಗಾದ್ರೆ ನೀನು ಬರಲ್ಲ, ಅಲ್ವಾ?"

"ಬರ್ತೀನಿ ಅಂತ ಅವತ್ತೇ ಹೇಳಿದ್ದೆ. ಈಗಲೂ ಬರ್ತೀನಿ. ಏಳು, ಪೆಟ್ಟಿಗೆ ಆ ತುದಿ ಹಿಡ್ಕೋ."

ಇಬ್ಬರೂ ಸೇರಿ ಮೇವಿಸ್ ಇದ್ದ ಪೆಟ್ಟಿಗೆಯನ್ನು ಅಲುಗದಂತೆ ನೆಲಕ್ಕಿಳಿಸಿದರು. ಬ್ರೋಡಿ ಬಾಗಿಲ ಮೇಲಿನ ಕೆಂಪು ಮಣ್ಣನ್ನು ತೋಳಿನಿಂದ ಒರೆಸಿ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು, ಅದನ್ನು ಚೌಕಟ್ಟಿಗೆ ಆನಿಸಿ ನಿಲ್ಲಿಸಿದ. ಒಂದೊಂದಾಗಿ ಕೀಲುಗಳು ಬಿಗಿಯಾದವು. ಸ್ಕ್ರೂ ಡಬ್ಬದ ತಳದಲ್ಲೆಲ್ಲೋ ಇದ್ದ ಹಳೆಯ ಚಿಲಕವೂ ಸಿಕ್ಕಿತು.

"ಇದನ್ನ ಯಾವ ಕಡೆ ಹಾಕ್ಲಿ?"

ಟೀಗನ್ ಆಗಲೇ ತನ್ನ ಚೀಲ ತೆಗೆದುಕೊಂಡು ಕೋಣೆಯೊಳಗೆ ಹೋಗಿದ್ದಳು. "ಒಳಗಡೆ," ಎಂದಳು.