ನಾನೂರು ಅಡಿ

ಅವಳು ಫ್ಲೈಯಿಂಗ್ ಕ್ಲಬ್ಬಿನ ಬಾಗಿಲು ತಳ್ಳಿದ್ದೇ ತಡ, ಒಳಗಿನ ಮಾತಿಗೆ ಬೀಗ ಬಿತ್ತು.

ಮೂವರಿದ್ದರು. ಹೊಲಗಳಿಗೆ ಔಷಧಿ ಸಿಂಪಡಿಸುವ ಪೈಲಟ್, ಎಲ್ಲರ ಬಾಯಲ್ಲೂ ಅವನು ಮೀಸೆ. ಭಾನುವಾರ ಮಾತ್ರ ಹಾರುವ ಹಲ್ಲಿನ ಡಾಕ್ಟರು. ಕಿಟಕಿಯ ಪಕ್ಕ, ಮೂವತ್ತು ವರ್ಷದಿಂದ ಹಾರಾಟ ಕಲಿಸುತ್ತಿದ್ದ ಮೇಷ್ಟ್ರು. ಮೇಜಿನ ಮೇಲೆ ಅಂಗೈಯಷ್ಟು ಆಟಿಕೆ ವಿಮಾನವೊಂದು ಒಂದು ರೆಕ್ಕೆಗೆ ವಾಲಿ ಬಿದ್ದಿತ್ತು. ಮೀಸೆ ಅದನ್ನು ಮೆಲ್ಲಗೆ ಎತ್ತಿ ಜೇಬಿಗಿಳಿಸಿದ.

"ಬಾ ತಂಗಿ, ಕೂತ್ಕೋ. ಹವಾಮಾನದ ವಿಷಯ ಮಾತಾಡ್ತಿದ್ವಿ."

ಸುಳ್ಳು.

ಗಂಡನ ಅಂತ್ಯಕ್ರಿಯೆ ಕಳೆದ ಮೇಲಿನ ಮೊದಲ ಮಾಮೂಲಿ ಬೆಳಗು ಅದು. ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ಹಾಲು ಎಂದಿನ ಹೊತ್ತಿಗೇ ಬಂದಿತ್ತು. ಎಂದಿನಷ್ಟೇ ಬಂದಿತ್ತು, ಒಬ್ಬರ ಪಾಲು ಹೆಚ್ಚಾಗಿ. ಅತ್ತೆ ಅವಳ ತಲೆ ಬಾಚಿ ಜಡೆ ಹಾಕಿದರು. ಅವಳ ಕೈ ಇನ್ನೂ ಭುಜದಿಂದ ಮೇಲೇಳುತ್ತಿರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಅಪಘಾತದ ವಿಚಾರಣೆ ನಡೆಸುವವರು ಕಳಿಸಿದ ಹಾಳೆ. ಅವಳ ಹೇಳಿಕೆಯೊಂದೇ ಬಾಕಿ. 'ಕಾರಣ' ಎಂಬಲ್ಲಿ ನಾಲ್ಕು ಖಾಲಿ ಗೆರೆ.

"ಇಂಜಿನ್ ಕೆಟ್ಟಿತು ಅಂತ ಬರೆದು ಕಳಿಸ್ಬಿಡು," ಎಂದಿದ್ದರು ಅತ್ತೆ, ಜಡೆಯ ತುದಿ ಕಟ್ಟುತ್ತ. "ಹೆತ್ತವಳು ನಾನೇ ಬಿಟ್ಟಿದೀನಿ. ನೀನ್ಯಾಕೆ ಹಿಡ್ಕೊಂಡು ಕೂತಿದೀಯ?"

ಅವಳು ಚಪ್ಪಲಿ ಮೆಟ್ಟಿ ಹೊರಟಿದ್ದಳು.

ಇಂಜಿನ್ ಕೆಟ್ಟದ್ದು ನಿಜ. ನೆಲ ಬಿಟ್ಟ ನಿಮಿಷದೊಳಗೆ, ನಾನೂರು ಅಡಿ ಎತ್ತರದಲ್ಲಿ, ಕೆಮ್ಮಿ ನಿಂತುಹೋಗಿತ್ತು. ಮುಂದೆ ಖಾಲಿ ಹೊಲ. ಪೈಲಟ್ ಅಲ್ಲಿಗೆ ಇಳಿಸದೆ ಮತ್ತೆ ರನ್‌ವೇ ಕಡೆಗೆ ತಿರುಗಿಸಿದ್ದೇ, ವೇಗ ಸತ್ತು, ಬಲ ರೆಕ್ಕೆ ಕುಸಿದು, ವಿಮಾನ ಬೇಲಿಯಾಚೆ ಬಿತ್ತು. ಇಷ್ಟು ಎಲ್ಲರಿಗೂ ಗೊತ್ತು. ಅವಳಿಗೆ ಬೇಕಿದ್ದುದು ಒಂದೇ: ಗಂಡ ಸತ್ತದ್ದು ಇಂಜಿನ್ನಿನಿಂದಲೋ, ಆ ತಿರುವಿನಿಂದಲೋ, ಬಲ್ಲವರೊಬ್ಬರು ಬಾಯಿಬಿಟ್ಟು ಹೇಳಬೇಕು. ಅದು ತಿಳಿಯದೆ ಅವಳಿಗೆ ಅಳುವುದಕ್ಕೂ ಆಗುತ್ತಿರಲಿಲ್ಲ.

ಈ ಕೋಣೆಯಲ್ಲಿ ತೀರ್ಪಿಗೆ ಎಂದೂ ಬರವಿರಲಿಲ್ಲ. ಎಲ್ಲಿ ಯಾವ ಸಣ್ಣ ವಿಮಾನ ಬಿದ್ದರೂ, ಚಹಾ ಆರುವುದರೊಳಗೆ ಇವರು ಸತ್ತವನ ತಪ್ಪು ಹುಡುಕಿರುತ್ತಿದ್ದರು. ಮೋಡದೊಳಗೆ ಯಾಕೆ ನುಗ್ಗಿದ? ಟ್ಯಾಂಕು ಯಾಕೆ ನೋಡಿಕೊಳ್ಳಲಿಲ್ಲ? ಅದು ಅವರಿಗೆ ಸೀಟ್ ಬೆಲ್ಟ್ ಬಿಗಿದುಕೊಂಡ ಹಾಗೆ. ತಪ್ಪು ಅವನದು, ನಾನು ಅದನ್ನು ಮಾಡುವವನಲ್ಲ, ಹಾಗಾಗಿ ನಾನು ಸಾಯುವವನೂ ಅಲ್ಲ. ಅವಳೂ ಎಷ್ಟೋ ಸಲ ತಲೆಯಾಡಿಸಿದ್ದಳು. ಗಂಡನಿಗಂತೂ ಆ ಹರಟೆಯೆಂದರೆ ಪ್ರಾಣ. ಮೂಲೆಯಲ್ಲಿ ಕೂತು ನಗುತ್ತಿದ್ದ. ತಾನು ಮಾತ್ರ ಒಂದು ತೀರ್ಪೂ ಕೊಟ್ಟವನಲ್ಲ.

ಇವತ್ತು ಮೂವರ ಬಾಯಿಗೂ ಹೊಲಿಗೆ.

"ಪೈಲಟ್ ತಪ್ಪು ಹೌದೋ ಅಲ್ವೋ?" ಅವಳು ನಿಂತುಕೊಂಡೇ ಕೇಳಿದಳು.

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಅವತ್ತು ಗಾಳಿ ಸರಿ ಇರ್ಲಿಲ್ಲ."

"ಗಾಳೀನೇ ಇರ್ಲಿಲ್ಲ."

"ಅದೇ, ಇರ್ಲಿಲ್ವಲ್ಲ. ಅದೂ ಕಷ್ಟಾನೇ."

"ಡಾಕ್ಟ್ರೇ, ನೀವು ಹಲ್ಲು ಕೀಳಿ, ಸಾಕು," ಎಂದು ಮೀಸೆ ಸಿಡುಕಿದ. "ಇಂಜಿನ್ ಕೈಕೊಟ್ರೆ ಯಾರೇನು ಮಾಡೋಕಾಗುತ್ತೆ ತಂಗಿ? ಹಣೆಬರಹ."

"ಹೋದ ವರ್ಷ ಹೊಳೆ ಹತ್ರ ಒಬ್ಬ ಹೀಗೇ ತಿರುಗಿಸಿ ಬಿದ್ನಲ್ಲ. ಆಗ ನೀವು ಹಣೆಬರಹ ಅನ್ಲಿಲ್ಲ. ನೇರ ಇಳಿಸ್ಬೇಕು ಅನ್ನೋದು ಕತ್ತೆಗೂ ಗೊತ್ತಿರುತ್ತೆ ಅಂದ್ರಿ."

ಮೀಸೆಯ ಮುಖ ಕೆಂಪಾಯಿತು. "ಆ ವಿಷಯ ಬೇರೆ."

"ಏನು ಬೇರೆ?"

"ಅವನು ನಮ್ಮವನಲ್ಲ."

"ಕತ್ತೆ ಅಂದ್ರೂ ಪರವಾಗಿಲ್ಲ. ಅನ್ನಿ."

ಡಾಕ್ಟರಿಗೆ ಥಟ್ಟನೆ ಯಾರದೋ ದವಡೆಹಲ್ಲು ನೆನಪಾಯಿತು. ಮೀಸೆಗೆ ಡಾಕ್ಟರನ್ನು ಬಿಟ್ಟುಬರುವ ಕೆಲಸ ಹುಟ್ಟಿಕೊಂಡಿತು. "ಹೊತ್ತಿಗೆ ಸರಿಯಾಗಿ ಊಟ ಮಾಡು ತಂಗಿ, ಸೊರಗಿದೀಯ," ಎಂದು ಬಾಗಿಲಲ್ಲಿ ಹೇಳಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಜಾರಿಕೊಂಡ. ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಮನೆಯಲ್ಲಿ ಕನಿಕರ, ಬೀದಿಯಲ್ಲಿ ಕನಿಕರ, ಇಲ್ಲಿಯೂ ಕನಿಕರ. ಒಬ್ಬರಾದರೂ ಬೈಯಬಾರದೇ?

ಉಳಿದವರು ಮೇಷ್ಟ್ರು. ಇಷ್ಟು ಹೊತ್ತೂ ಅವರು ಅವಳ ಮುಖ ನೋಡಿರಲಿಲ್ಲ.

ಅವಳು ಚೀಲದಿಂದ ಹೆಡ್‌ಸೆಟ್ ಹೊರತೆಗೆದಳು. ಗಂಡನ ಬಟ್ಟೆಗಳ ಜೊತೆ ಆಸ್ಪತ್ರೆಯವರು ಕೊಟ್ಟದ್ದು. ಒಂದು ಕಿವಿಯ ಮೆತ್ತೆ ಸೀಳಿತ್ತು. ಪಟ್ಟಿಯ ಮೇಲೆ ಮೇಷ್ಟ್ರ ಕೈಬರಹದ ಚೀಟಿ.

"ನಿಮ್ದು. ಅವತ್ತು ಬೆಳಿಗ್ಗೆ ಇಸ್ಕೊಂಡಿದ್ದ. ಕ್ಲಬ್ಬಿನದ್ರಲ್ಲಿ ಅರ್ಧ ಮಾತೂ ಕೇಳ್ಸಲ್ಲ ಅಂತಿದ್ದ."

"ಇರ್ಲಿ ಬಿಡಮ್ಮ. ನಂಗೇನು ಅವಸರ?"

"ಎರವಲು ತಂದಿದ್ದು ಮೇಷ್ಟ್ರೇ. ಮನೇಲಿಟ್ಕೊಳ್ಳೋಕಾಗಲ್ಲ." ಅವರ ಮುಂದೆ ಹಿಡಿದಳು, ಆದರೆ ಕೈ ಬಿಡಲಿಲ್ಲ. "ಆ ಹಾಳೇಲಿ ನಾಲ್ಕು ಗೆರೆ ತುಂಬಿಸ್ಬೇಕು ನಾನು. ಎಲ್ರೂ ಮಗು ಸಮಾಧಾನ ಮಾಡೋ ಹಾಗೆ ಮಾಡ್ತಿದಾರೆ. ನೀವಾದ್ರೂ ಹೇಳಿ."

ಮೇಷ್ಟ್ರು ಕಿಟಕಿಯಾಚೆ ನೋಡಿದರು. ಹೊಲ ಅಲ್ಲಿಂದ ಕಾಣುತ್ತಿತ್ತು. ಸಪಾಟು ನೆಲ, ಅಡ್ಡಕ್ಕೆ ಒಂದು ಮರವೂ ಇಲ್ಲ. ಆಮೇಲೆ ಹೆಡ್‌ಸೆಟ್ಟನ್ನು ಅವಳ ಕೈಯಿಂದ ಬಿಡಿಸಿಕೊಂಡು, ವೈರನ್ನು ನೀಟಾಗಿ ಸುತ್ತಿ ತೊಡೆಯ ಮೇಲಿಟ್ಟುಕೊಂಡರು. ಮೊದಲ ಸಲ ಅವಳ ಕಣ್ಣಿಗೆ ಕಣ್ಣು ಕೊಟ್ಟು, ಪಾಠ ಹೇಳುವ ದನಿಯಲ್ಲೇ ಹೇಳಿದರು:

"ನೀನು ವಿಮಾನ ತಿರುಗಿಸಬಾರ್ದಿತ್ತು, ತಾಯಿ."