ಮಗಳಿಗೊಂದು ರ‍್ಯಾಕೆಟ್

“ಮಗಳಿಗೇನ್ರಿ, ಮೇಡಂ?” ಎಂದು ಅಂಗಡಿಯ ಕಾಸಿಮಸಾಬ ಕೇಳಿದಾಗ ಲಲಿತಾ ಅಲ್ಲ ಎನ್ನಬೇಕಿತ್ತು. ಹೂಂ ಅಂದುಬಿಟ್ಟಳು.

ಅವನದೇನೂ ತಪ್ಪಿರಲಿಲ್ಲ. ನಲವತ್ತು ದಾಟಿದ ಹೆಂಗಸು, ಹೆಗಲಿಗೆ ಕಚೇರಿಯ ಚೀಲ, ದಿನವಿಡೀ ಕೂತು ಮುದುಡಿದ ಹತ್ತಿ ಸೀರೆ. ಹೀಗೊಬ್ಬಳು ಗೋಳಗುಮ್ಮಟದ ರಸ್ತೆಯ ಆಟದ ಸಾಮಾನಿನ ಅಂಗಡಿಗೆ ಬಂದು ಹಗುರವಾದ ಟೆನಿಸ್ ರ‍್ಯಾಕೆಟ್ ತೋರಿಸಿ ಎಂದರೆ ಯಾರಾದರೂ ಹಾಗೇ ಕೇಳುತ್ತಾರೆ. ಅಲ್ಲ ಎಂದಿದ್ದರೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಗುತ್ತಿತ್ತು. ಎರಡು ತಿಂಗಳಿಂದ ಬೆಳಿಗ್ಗೆ ತಾನೇ ಆಡಲು ಹೋಗುತ್ತಿರುವುದು, ಕೋಚ್ ಇಮ್ರಾನ ಕೊಟ್ಟ ಹಳೆಯ ರ‍್ಯಾಕೆಟ್ಟಿನ ಭಾರಕ್ಕೆ ಮೊಣಕೈ ಹಿಡಿದುಕೊಂಡಿರುವುದು, “ನಿಮ್ಮದಂತ ಒಂದು ಹಗೂರಂದು ತಗೋರಿ, ಅಕ್ಕಾರ” ಎಂದು ಅವನೇ ಕಳಿಸಿರುವುದು. ಅದಕ್ಕಿಂತ ಮಗಳು ಸುಲಭ.

“ಎಷ್ಟ ವಯಸ್ಸಿನಾಕಿ?”

“ಹದಿನಾಲ್ಕು.”

“ಎತ್ತರ ಅದಾಳೇನ್ರಿ?”

“ನನ್ನಷ್ಟ ಆಗ್ಯಾಳ.”

“ಹಂಗಾದ್ರ ಸಣ್ಣ ಹುಡುಗೂರದು ಬ್ಯಾಡ. ಉದ್ದ ದೊಡ್ಡವರಷ್ಟ ಇರಲಿ, ತೂಕ ಕಡಿಮಿ ಇರಲಿ.” ಕಾಸಿಮಸಾಬ ಸ್ಟೂಲು ಹತ್ತಿ ಮೂರು ರ‍್ಯಾಕೆಟ್ ಇಳಿಸಿ ಗಾಜಿನ ಕೌಂಟರ್ ಮೇಲಿಟ್ಟ. ಮೊದಲನೆಯದು ಕೈಯಲ್ಲಿದ್ದದ್ದೇ ಗೊತ್ತಾಗದಷ್ಟು ಹಗುರ. “ಹಗೂರ ಐತಂತ ಇದನ್ನ ಒಯ್ಯಬ್ಯಾಡ್ರಿ. ಚೆಂಡು ಜೋರ್ ಬಂತಂದ್ರ ಇದು ನಡಗತೈತಿ, ಪೆಟ್ಟೆಲ್ಲಾ ಕೈಗೆ ಬರತೈತಿ.” ಇನ್ನೊಂದನ್ನು ಎತ್ತಿ ತೋರಿಸಿ ಬದಿಗೆ ಸರಿಸಿದ. “ಇದು ಭಾರ, ಕಲತವರಿಗೆ. ಕಲಿಯೋರು ಇದನ್ನ ಬೀಸೂದ್ರಾಗ ಚೆಂಡು ದಾಟಿ ಹೋಗಿರತೈತಿ.” ಉಳಿದದ್ದನ್ನು ಅವಳ ಮುಂದೆ ಹಿಡಿದ. “ಇದು ನೋಡ್ರಿ. ಮಾರಿ ಅಗಲ ಐತಿ. ನಟ್ಟನಡುವ ಬಡೀಲಿಲ್ಲಂದ್ರೂ ಚೆಂಡು ನೆಟ್ ದಾಟತೈತಿ. ಹುಡುಗಿಗೆ ಯಾವ ಹೊಡತ ತ್ರಾಸ ಆಗತೈತಿ?”

“ಎಡಗಡೆ ಬಂದದ್ದು. ತಿರಗೂದ್ರಾಗ ತಡಾ ಮಾಡ್ತಾಳ.” ಮಾತು ಇಷ್ಟು ಸರಾಗವಾಗಿ ಬರುತ್ತಿರುವುದಕ್ಕೆ ಲಲಿತಾಗೆ ತನಗೇ ಆಶ್ಚರ್ಯವಾಯಿತು. “ಸರ್ವ್ ಮಾತ್ರ ಚೊಲೋ ಹಾಕ್ತಾಳ್ರಿ. ಕೋಚ್ ಅಂದಾರ.”

“ಹಂಗಾದ್ರ ಮುಂದ ಬರ್ತಾಳ ಬಿಡ್ರಿ.”

ಅವಳ ಮುಖ ಬಿಸಿಯಾಯಿತು. ಇಮ್ರಾನ ಹಾಗೆಂದದ್ದು ನಿಜವೇ. ಅದನ್ನು ಅವಳು ಗಂಡ ರಾಜಾರಾಮನಿಗೂ ಹೇಳಿರಲಿಲ್ಲ, ನಕ್ಕುಬಿಟ್ಟಾನೆಂದು. ಮಗಳ ಹೆಸರಿನಲ್ಲಾದರೆ ಎಷ್ಟು ಬೇಕಾದರೂ ಹೊಗಳಿಕೊಳ್ಳಬಹುದಿತ್ತು.

“ಕೈ ಹೆಂಗ ಅದಾವ್ರಿ ಆಕೀವು, ಸಣ್ಣೂನು?”

“ನನ್ನ ಕೈಯಷ್ಟ.”

“ಮತ್ತ ನೀವ ಹಿಡದು ನೋಡ್ರಿ. ಮಡಚಿದ ಬೆರಳಿಗೂ ಅಂಗೈಗೂ ನಡುವ ಇನ್ನೊಂದ ಕೈದು ಒಂದ ಬೆರಳು ಹಿಡಿಸಬೇಕು.” ಲಲಿತಾ ಹಿಡಿದಳು. ಬೆರಳು ಸರಿಯಾಗಿ ಕೂತಿತು. “ಬರೋಬ್ಬರಿ ಆತು. ಆದ್ರ ಬೀಸಿ ನೋಡದ ತಗೋಬಾರದು. ನಾಳೆ ಹುಡುಗೀನ ಕರಕೊಂಡು ಬರ್ರಿ.”

ಅಷ್ಟರಲ್ಲಿ ರೇಣುಕಾ ಒಳಗೆ ಬಂದಳು. ಬಬಲೇಶ್ವರದ ಶಾಲೆಯ ಶಿಕ್ಷಕಿ. ಅಲ್ಲಿನ ಕಚೇರಿಗೆ ಹೋಗುವ ಲಲಿತಾಗೆ ದಿನಾ ಬಸ್ಸಿನಲ್ಲಿ ಪಕ್ಕದ ಸೀಟಿನವಳು. ಮಗನಿಗೆ ಶಟಲ್ ಕಾಕ್ ಒಯ್ಯಲು ಬಂದಿದ್ದಳು.

“ಅಯ್ಯ, ಲಲಿತಕ್ಕಾ! ನೀವೇನ್ರಿ ಇಲ್ಲೆ?”

“ಮೇಡಂ ಅವರ ಮಗಳಿಗೆ ರ‍್ಯಾಕೆಟ್ ನೋಡಾಕತ್ತೇವ್ರಿ,” ಎಂದು ಕಾಸಿಮಸಾಬನೇ ಉತ್ತರ ಕೊಟ್ಟ.

“ಮಗಳು?” ರೇಣುಕಾ ರ‍್ಯಾಕೆಟ್ಟನ್ನು ನೋಡಿದಳು, ಲಲಿತಾಳ ಮುಖ ನೋಡಿದಳು. “ಯಾರ ಮಗಳ್ರಿ?”

ತಂಗಿಯ ಮಗಳು ಎಂದರೆ ಮುಗಿದುಹೋಗುತ್ತಿತ್ತು. ತಿಕೋಟಾದಲ್ಲಿ ತಂಗಿ ಇದ್ದಳು, ತಂಗಿಗೊಬ್ಬ ಮಗಳೂ ಇದ್ದಳು. ಮಾತು ನಾಲಿಗೆಯ ತುದಿಗೆ ಬಂದೂ ಬಂತು. ನಿಜ ಹೇಳಿದರೆ ನಾಳೆ ಬಸ್ಸು ಬಬಲೇಶ್ವರ ಮುಟ್ಟುವುದರೊಳಗೆ ಕೊನೆಯ ಸೀಟಿನವರೆಗೂ ಸುದ್ದಿ ಹೋಗುತ್ತದೆ. ಮಕ್ಕಳ ವಿಷಯ ಕೇಳುವುದನ್ನು ಈಚೆಗಷ್ಟೇ ಬಿಟ್ಟಿದ್ದ ಹೆಂಗಸರು ಮತ್ತೆ ಅಯ್ಯೋ ಪಾಪ ಎಂದು ನೋಡತೊಡಗುತ್ತಾರೆ. ಅದೆಲ್ಲ ಅವಳಿಗೆ ಗೊತ್ತಿತ್ತು. ಆದರೂ ಎಡಗಡೆಯ ಚೆಂಡಿಗೆ ತಡವರಿಸುವ, ಸರ್ವ್ ಮಾತ್ರ ಚೆನ್ನಾಗಿ ಹಾಕುವ ಆ ಹುಡುಗಿಯನ್ನು ಇನ್ನೊಬ್ಬರ ಮಗಳೆಂದು ಕೊಟ್ಟುಬಿಡಲು ಅವಳಿಗೆ ಮನಸ್ಸು ಬರಲಿಲ್ಲ.

“ಮಗಳಿಲ್ರಿ,” ಎಂದಳು. ದನಿ ಸಣ್ಣದಾಗಿತ್ತು. “ಇದು ನನಗ ಬೇಕಾಗೈತಿ. ಆಡಾಕಿ ನಾನ.”

“ನೀವು? ಈ ವಯಸ್ಸಿನಾಗ?” ರೇಣುಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಗಲು ಮಾತ್ರ ಅಲುಗುತ್ತಿತ್ತು.

ಲಲಿತಾ ತಲೆ ಎತ್ತಲಿಲ್ಲ. ಕಾಸಿಮಸಾಬನೂ ನಗುತ್ತಿರಬಹುದು ಎಂದುಕೊಂಡಳು. ರ‍್ಯಾಕೆಟ್ಟನ್ನು ಗಾಜಿನ ಮೇಲೆ ಇಟ್ಟು ಹೊರಟುಬಿಡೋಣವೆನಿಸಿತು; ಕೈ ಮಾತ್ರ ಹಿಡಿ ಬಿಡಲಿಲ್ಲ.

ಕಾಸಿಮಸಾಬ ನಗಲಿಲ್ಲ. ಗಾಜಿನ ಹಿಂದಿನಿಂದ ಹೊರಗೆ ಬಂದು, ನಡುವೆ ಇದ್ದ ಫುಟ್‌ಬಾಲಿನ ಬುಟ್ಟಿಯನ್ನು ಕಾಲಿನಿಂದ ಗೋಡೆಗೆ ಸರಿಸಿದ. “ಬಾಯಾರ, ತುಸು ಬಾಗಲ ಕಡೆ ನಿಂದರ್ರಿ,” ಎಂದು ರೇಣುಕಾಗೆ ಹೇಳಿದ. ಆಮೇಲೆ ಗೋಡೆಯ ಹತ್ತಿರ ಹೋಗಿ, ಆ ಸಂಜೆಯ ಧಗೆಯಲ್ಲೂ, ಫ್ಯಾನಿನ ಬಟನ್ ಒತ್ತಿದ. ತಲೆಯ ಮೇಲೆ ಗಿರಗಿರ ತಿರುಗುತ್ತಿದ್ದ ರೆಕ್ಕೆಗಳು ನಿಧಾನವಾಗಿ, ಒಂದೊಂದಾಗಿ ಕಾಣತೊಡಗಿ, ನಿಂತವು.

“ಈಗ ಕೈ ಪೂರಾ ಎತ್ತಿ ಬೀಸ್ರಿ, ಮೇಡಂ.”